ಪಿಟೀಲು ವಿದ್ವಾಂಸರ ಬಾಳುವೆ

ನಮ್ಮೂರು ಶಿರಹಟ್ಟಿ ತಾಲೂಕಿನ ಮಾಗಡಿ. ಹಿಮಾಲಯದ ಆಚೆಯಿಂದ ಚಳಿಗಾಲಕ್ಕೆ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳಿಂದಾಗಿ ನಮ್ಮೂರ ಕೆರೆಯ ಹೆಸರು ನಾಡಿಗೆಲ್ಲ ಗೊತ್ತು. ಬೇಸಿಗೆ ಕಾಲಿಟ್ಟೊಡನೆ ಆ ಹಕ್ಕಿಗಳು ಹೊರಟುಹೋಗುತ್ತವೆ. ಆದರೆ ಪರದೇಶದಿಂದ ಬಂದು, ಹಿಂದಿರುಗದೆ, ನಮ್ಮ ಮನೆಯದೇ ಆಗಿ ಉಳಿದ ವಾದ್ಯವೊಂದುಂಟು. ಅದೇ ಪಿಟೀಲು.

ಸಂಗೀತವನ್ನೇ ವೃತ್ತಿಯಾಗಿ ಹಿಡಿಯುತ್ತೇನೆಂದು ಹುಡುಗನೊಬ್ಬ ಹೇಳಿದರೆ, "ಅದರಿಂದ ಹೊಟ್ಟೆ ತುಂಬೀತೇ?" ಎಂದು ಮನೆಯ ಹಿರಿಯರು ಕೇಳುತ್ತಾರೆ. ಆ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಹೇಳಬೇಕಾದರೆ ಪಿಟೀಲು ವಿದ್ವಾಂಸರ ಕೆಲಸ ಎಂಥದೆಂಬುದನ್ನು ಮೊದಲು ತಿಳಿಯಬೇಕು.

ಮುತ್ತುಸ್ವಾಮಿ ದೀಕ್ಷಿತರ ಸೋದರರಾದ ಬಾಲುಸ್ವಾಮಿ ದೀಕ್ಷಿತರು ಸುಮಾರು ಇನ್ನೂರು ವರ್ಷಗಳ ಹಿಂದೆ ಈ ವಾದ್ಯವನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಪಾಶ್ಚಾತ್ಯರು ನಿಂತು, ಗದ್ದಕ್ಕೆ ಒತ್ತಿ ಹಿಡಿದು ನುಡಿಸುತ್ತಾರೆ. ನಮ್ಮವರು ಚಕ್ಕಳಮಕ್ಕಳ ಹಾಕಿ ಕುಳಿತು ಅದರ ತುದಿಯನ್ನು ಬಲಗಾಲ ಮೇಲೆ ಊರುತ್ತಾರೆ. ಇದರಿಂದ ವಾದ್ಯ ಅಲುಗದೆ ನಿಲ್ಲುತ್ತದೆ. ಎಡಗೈ ಬೆರಳು ತಂತಿಯ ಮೇಲೆ ಸರಾಗವಾಗಿ ಜಾರಿ, ನಮ್ಮ ಸಂಗೀತದ ಜೀವವಾದ ಗಮಕಗಳನ್ನು ನುಡಿಸಬಲ್ಲುದು.

ಕಚೇರಿಯಲ್ಲಿ ಪಿಟೀಲು ಪಕ್ಕವಾದ್ಯ. ಗಾಯಕರು ರಾಗಾಲಾಪನೆ ಮಾಡುತ್ತಿರುವಾಗ ಅವರ ಸಂಚಾರಗಳನ್ನು ನೆರಳಿನಂತೆ ಹಿಂಬಾಲಿಸಬೇಕು. ಅವರು ನಿಲ್ಲಿಸಿದ ಮೇಲೆ ಅದೇ ರಾಗವನ್ನು ತನ್ನ ಮನೋಧರ್ಮದಿಂದ ನುಡಿಸಬೇಕು. ಆದರೆ ಗಾಯಕರನ್ನು ಮೀರಿಸುವ ಹಟ ಕೂಡದು. ಕಲ್ಪನಾಸ್ವರದಲ್ಲಿ ಅವರು ಎಸೆದ ಲೆಕ್ಕಕ್ಕೆ ಕ್ಷಣಾರ್ಧದಲ್ಲಿ ಉತ್ತರ ಕೊಡಬೇಕು. ಅನೇಕ ವೇಳೆ ಮುಂಚಿತವಾಗಿ ಕೂಡಿ ಅಭ್ಯಾಸ ಮಾಡುವ ಪದ್ಧತಿಯೂ ಇಲ್ಲ. ತನಗೆ ಗೊತ್ತಿರುವುದನ್ನೆಲ್ಲ ತೋರಿಸದೆ ಇರುವುದೂ ಇಲ್ಲಿ ವಿದ್ವತ್ತೇ.

ಈ ಬಾಳುವೆಗೆ ನಮ್ಮ ನಾಡಿನ ಶ್ರೇಷ್ಠ ನಿದರ್ಶನ ಮೈಸೂರು ಟಿ. ಚೌಡಯ್ಯನವರು. 1895ರಲ್ಲಿ ತಿರುಮಕೂಡಲಿನಲ್ಲಿ ಜನಿಸಿದ ಅವರು 1910ರಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ, 1918ರ ವರೆಗೆ ಕಠಿಣ ಶಿಕ್ಷಣ ಪಡೆದರು. ಕೃಷ್ಣಪ್ಪನವರು ಗಾಯಕರು. ಹಾಡುವವರ ಬಳಿ ಕಲಿತುದರಿಂದ ಚೌಡಯ್ಯನವರಿಗೆ ಗಾಯಕನ ಉಸಿರು, ಸಾಹಿತ್ಯದ ಪದವಿಭಾಗ, ಭಾವ ಎಲ್ಲವೂ ಕರಗತವಾದವು. ಮುಂದೆ ಚೆಂಬೈ ವೈದ್ಯನಾಥ ಭಾಗವತರೇ ಮೊದಲಾದ ಮಹಾಗಾಯಕರ ಬದಿಯಲ್ಲಿ ಅವರು ಕುಳಿತದ್ದು ಈ ಸಿದ್ಧತೆಯ ಬಲದಿಂದ.

ಆ ಕಾಲದಲ್ಲಿ ಧ್ವನಿವರ್ಧಕದ ಅನುಕೂಲ ಸಾಲದು. ತುಂಬು ಕಂಠದ ಗಾಯಕರ ಮುಂದೆ ಪಿಟೀಲಿನ ನಾದ ಹಿಂದಿನ ಸಾಲಿನವರಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ಇದಕ್ಕೊಂದು ಉಪಾಯ ಹುಡುಕಿದರು. ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಜೊತೆತಂತಿಗಳನ್ನು ಸೇರಿಸಿ, 1927ರ ಹೊತ್ತಿಗೆ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ನಾದ ತುಂಬಿಬಂದಿತು. ಆದರೆ ಕೆಲಸ ಕಷ್ಟವಾಯಿತು: ಒಂದೇ ಬೆರಳಿನಿಂದ ಎರಡು ತಂತಿಗಳನ್ನು ಸಮನಾಗಿ ಒತ್ತಬೇಕು, ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಕಿವಿಗೆ ಬಡಿಯುತ್ತದೆ. ಅವರು ಆ ಕಷ್ಟವನ್ನು ಜೀವನವಿಡೀ ಹೊತ್ತರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ 'ಸಂಗೀತ ಕಲಾನಿಧಿ' ಗೌರವ ಅವರಿಗೆ ಸಂದಿತು. 1967ರಲ್ಲಿ ಅವರು ಕಾಲವಾದರು. 1980ರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಅವರ ಸ್ಮಾರಕ ಭವನ ಎದ್ದಿತು.

ಇಲ್ಲೊಂದು ಸಂಗತಿ ಯೋಚಿಸತಕ್ಕದ್ದು. ಧ್ವನಿವರ್ಧಕ ಎಲ್ಲೆಡೆ ಬಂದ ಮೇಲೆ ಏಳು ತಂತಿಯ ಅಗತ್ಯ ಕಡಿಮೆಯಾಯಿತು. ಇಂದು ಬಹುತೇಕ ವಿದ್ವಾಂಸರು ನುಡಿಸುವುದು ನಾಲ್ಕು ತಂತಿಯ ಪಿಟೀಲನ್ನೇ. ಹಾಗಾದರೆ ಚೌಡಯ್ಯನವರ ಶ್ರಮ ವ್ಯರ್ಥವಾಯಿತೇ? ಇಲ್ಲ. ಅವರು ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು, 'ತ್ರಿಮಕುಟ' ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು, ಶಿಷ್ಯರನ್ನು ಬೆಳೆಸಿದರು. ಗಾಯಕ ಆರ್. ಕೆ. ಶ್ರೀಕಂಠನ್ ಅವರ ಅಣ್ಣ ಆರ್. ಕೆ. ವೆಂಕಟರಾಮ ಶಾಸ್ತ್ರಿಗಳು ಅಂಥ ಶಿಷ್ಯರಲ್ಲೊಬ್ಬರು. ಕಚೇರಿಯ ನಾದ ಆ ರಾತ್ರಿಯೇ ಗಾಳಿಯಲ್ಲಿ ಕರಗುತ್ತದೆ. ಶಿಷ್ಯನ ಕೈಗೆ ಬಂದದ್ದು ಮಾತ್ರ ಮುಂದಿನ ತಲೆಮಾರಿಗೆ ದಾಟುತ್ತದೆ.

ಈ ಮಾತು ಗದುಗಿನ ಸೀಮೆಯವರಾದ ನಮಗೆ ಹೊಸದಲ್ಲ. ಅಂಧರಾಗಿದ್ದೂ ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಪಳಗಿದ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರೇ. ಹಾರ್ಮೋನಿಯಂ, ತಬಲಾಗಳಂತೆ ಪಿಟೀಲನ್ನೂ ನುಡಿಸಬಲ್ಲವರಾಗಿದ್ದರು. ಅವರು ತಮ್ಮ ಗುರುಗಳ ತರುವಾಯ 2010ರಲ್ಲಿ ದೇಹ ಬಿಡುವ ತನಕ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ, ಬಡ ಮಕ್ಕಳಿಗೆ ಅನ್ನದ ಜೊತೆಗೆ ಸಂಗೀತವನ್ನೂ ಬಡಿಸಿದರು. ಅಲ್ಲಿ ಕಲಿತ ಎಷ್ಟೋ ಮಂದಿಗೆ ಆ ವಿದ್ಯೆಯೇ ಜೀವನೋಪಾಯವಾಯಿತು.

ಆದುದರಿಂದ ಹಿರಿಯರ ಪ್ರಶ್ನೆಗೆ ಉತ್ತರ ಹೀಗೆ ಹೇಳಬಹುದು. ಕಚೇರಿಯೊಂದನ್ನೇ ನಂಬಿದರೆ ಹೊಟ್ಟೆ ತುಂಬುವುದು ಅನುಮಾನ. ಹಬ್ಬ, ಉತ್ಸವಗಳ ಕಾಲಕ್ಕೆ ಕರೆ ಬರುತ್ತದೆ. ಉಳಿದ ತಿಂಗಳುಗಳಲ್ಲಿ ಮನೆ ನಡೆಸುವುದು ಪಾಠ. ಆದರೆ ಪಾಠ ಹೇಳುವುದನ್ನು ಬರಿಯ ಸಂಪಾದನೆಯ ದಾರಿ ಎಂದೆಣಿಸಿದರೆ ತಪ್ಪಾದೀತು. ಪಕ್ಕದಲ್ಲಿ ಕುಳಿತು ಇನ್ನೊಬ್ಬರ ಗಾನವನ್ನು ಬೆಳಗಿಸುವುದನ್ನು ಕಲಿತವರಿಗೆ, ಎದುರಿಗೆ ಕುಳಿತ ಶಿಷ್ಯನನ್ನು ಬೆಳಗಿಸುವುದೂ ಅದೇ ಕೆಲಸದ ಮುಂದುವರಿಕೆ. ನಮ್ಮ ಕಾಲೇಜಿನಲ್ಲಿ ಯಾರಾದರೂ ಕಮಾನು ಹಿಡಿಯುವ ಮನಸ್ಸು ಮಾಡಿದ್ದರೆ, ಎಷ್ಟು ಚಪ್ಪಾಳೆ ಬಂದೀತು ಎಂದು ಎಣಿಸುವ ಮೊದಲು ಒಬ್ಬ ಒಳ್ಳೆಯ ಗುರುವನ್ನು ಹುಡುಕಲಿ. ಒಂದು ದಿನ ತಾನೂ ಗುರುವಾಗಬೇಕೆಂಬುದನ್ನು ಮರೆಯದಿರಲಿ.