ಅಗಸಿಯ ಕದ ಮತ್ತು ಅಂಜಿಕೆ



ಕಳೆದ ಶ್ರಾವಣದಲ್ಲಿ ತಾವರಗೇರಾ ಸೀಮೆಯ ಒಂದು ಹಳ್ಳಿಗೆ ಪುರಾಣದ ಮಂಗಲಕ್ಕೆಂದು ನಾವು ಹೋಗಿದ್ದೆವು. ಪ್ರಸಾದವಾದ ಮೇಲೆ ಊರಿನ ತರುಣರು ಬಂದು ಒಂದು ಮಾತು ಕೇಳಿದರು. "ಅಜ್ಜಾರ, ಈ ಅಗಸಿ ಕೆಡವಬೇಕಂತ ಮಾಡೇವಿ. ಟ್ರ್ಯಾಕ್ಟರ್ ಟ್ರಾಲಿ ಒಳಗ ಬರಂಗಿಲ್ಲ. ಹಿರ್ಯಾರು ಬ್ಯಾಡ ಅಂತಾರ. ನೀವಾರ ಹೇಳ್ರಿ." ಒಡನೆ ಉತ್ತರ ಕೊಡಲು ನಮಗಾಗಲಿಲ್ಲ. ಎದ್ದು ಹೋಗಿ ಅಗಸಿಯನ್ನು ನೋಡಿದೆವು. ಕದಗಳು ಎಂದೋ ಹೋಗಿವೆ. ಅವು ತಿರುಗುತ್ತಿದ್ದ ಕಲ್ಲಿನ ಕುಣಿಗಳು ಮಾತ್ರ ಸವೆದು ನುಣುಪಾಗಿ ಉಳಿದಿವೆ. ಎಷ್ಟು ತಲೆಮಾರಿನ ಅಂಜಿಕೆ ಆ ಕಲ್ಲನ್ನು ಸವೆಸಿತೋ ಎಂದು ನಮಗೆ ಅನಿಸಿತು.

ಹಸಿವು ನಿದ್ರೆಗಳ ಹಾಗೆ ಭಯವೂ ಪಶುವಿಗೂ ಮನುಷ್ಯನಿಗೂ ಸಮಾನವೆಂದು ಬಲ್ಲವರು ಹೇಳಿದ್ದಾರೆ. ಆದರೆ ಪಶು ಅಂಜಿದರೆ ಓಡುತ್ತದೆ, ಮನುಷ್ಯನು ಅಂಜಿದರೆ ಊರು ಕಟ್ಟುತ್ತಾನೆ. ಮಲೆನಾಡಿಗೆ ಹೋದವರು ನೋಡಿರಬಹುದು, ಅಲ್ಲಿ ತೋಟಕ್ಕೊಂದು ಒಂಟಿಮನೆ. ನಮ್ಮ ಎರೆಸೀಮೆಯಲ್ಲಿ ಹಾಗಿಲ್ಲ. ಹೊಲ ಎಷ್ಟೇ ದೂರವಿರಲಿ, ರಾತ್ರಿ ಎಲ್ಲರೂ ಊರೊಳಗೆ. ಗೋಡೆಗೆ ಗೋಡೆ ಹತ್ತಿದ ಮಾಳಿಗೆ ಮನೆಗಳು, ಕೈ ಹಿಡಿಸುವಷ್ಟೇ ಬೆಳಕಿಂಡಿ, ಊರ ನಡುವೆ ವಾಡೆ, ದೂರದ ಧೂಳನ್ನು ಕಂಡು ಕೂಗಲು ಹುಡೇವು. ನೀರಿನ ಅಭಾವವೂ ಜನರನ್ನು ಒಂದೆಡೆ ಕೂಡಿಸಿತು, ನಿಜ. ಆದರೆ ಹುಡೇವನ್ನು ನೀರಿಗಾಗಿ ಯಾರೂ ಕಟ್ಟುವುದಿಲ್ಲ.

ದೊರೆಗಳ ಅಂಜಿಕೆ ಬೆಟ್ಟದ ಮೇಲೆ ಕೋಟೆಯಾಯಿತು. ಟಿಪ್ಪು ಸುಲ್ತಾನನು 1786ರಲ್ಲಿ ಕೊಪ್ಪಳದ ಕೋಟೆಯನ್ನು ವಶಪಡಿಸಿಕೊಂಡು ಫ್ರೆಂಚ್ ಇಂಜಿನಿಯರರಿಂದ ಬಲಪಡಿಸಿದನು. 1790ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ದಂಡು ಅದನ್ನು ಮುತ್ತಿ ತಿಂಗಳುಗಟ್ಟಲೆ ಕಾದು ಮರುವರ್ಷ ಕೈಗೆ ತೆಗೆದುಕೊಂಡಿತು. ದಂಡು ತಂಗಿದ ಸೀಮೆಯ ಒಕ್ಕಲಿಗನ ಗತಿಯನ್ನು ಯಾವ ದಫ್ತರದಲ್ಲಿ ಬರೆದಿಟ್ಟಾರು? ಅವನು ಹಗೇವು ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಮಣ್ಣು ಮೆತ್ತಿದನು. ಕಾಳು ಹುಳಿಯದಂತೆ ಇಡುವುದಕ್ಕೆ ಹಗೇವು ಒಳ್ಳೆಯದು. ಬರದ ವರ್ಷಕ್ಕೂ ದಂಡಿನ ವರ್ಷಕ್ಕೂ ಅದೇ ಗತಿ. ಇಷ್ಟರಮಟ್ಟಿಗೆ ಭಯವು ನಮ್ಮ ಹಿರಿಯರಿಗೆ ಬುದ್ಧಿ ಕಲಿಸಿತೆಂದೇ ನಾವು ಹೇಳುತ್ತೇವೆ. ಅಂಜಿಕೆಯೇ ಇಲ್ಲದವನು ಹಗೇವಿನ ಬಾಯಿ ತೆರೆದ ಕೂಡಲೇ ಒಳಗಿಳಿದು ಉಸಿರುಗಟ್ಟಿ ಸಾಯುತ್ತಾನೆ. ಅಂಜಿಕೆಯುಳ್ಳವನು ಗಾಳಿಯಾಡಲು ಬಿಟ್ಟು, ಮೊದಲು ದೀಪ ಇಳಿಸಿ ನೋಡುತ್ತಾನೆ.

ಇನ್ನೊಂದು ಸಂಗತಿಯನ್ನು ನಮ್ಮ ಹಿರಿಯ ಭಕ್ತರು ಬಲ್ಲರು. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ನಿಜಾಮನ ಸೀಮೆಯಲ್ಲಿದ್ದ ಕುಷ್ಟಗಿ, ಕೊಪ್ಪಳ, ಯಲಬುರ್ಗಾಗಳಿಗೆ ಅದು ಬರಲಿಲ್ಲ. ಕಾಸಿಂ ರಜ್ವಿಯ ರಜಾಕಾರರ ಹಾವಳಿಗೆ ಅಂಜಿ ಜನ ರಾತ್ರೋರಾತ್ರಿ ಬಂಡಿ ಹೂಡಿ ಮುಂಬಯಿ ಪ್ರಾಂತದ ಗಜೇಂದ್ರಗಡ, ಮುಂಡರಗಿಗಳಿಗೆ ಹೋದರು. ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು ನಡೆಸಿದರು. ಹುಟ್ಟಿದ ಮನೆಗೆ ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡು, ಎಮ್ಮೆಯನ್ನು ಬಿಟ್ಟು ಹೋದ ತಾಯಂದಿರ ಮಾತನ್ನು ನಾವು ಬಾಲ್ಯದಲ್ಲಿ ಕೇಳಿದ್ದೇವೆ. ಬಂಡಿಯ ಕೀಲಿಗೆ ಎಣ್ಣೆ ಹೆಚ್ಚು ಹಾಕಿದ್ದರಂತೆ, ಸದ್ದಾಗಬಾರದೆಂದು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂದಿತು, 17ರಂದು ನಿಜಾಮನು ಶರಣಾದನು. ಆ ದಿನವನ್ನು ಈಗ ಕಲ್ಯಾಣ ಕರ್ನಾಟಕ ಉತ್ಸವವೆಂದು ಆಚರಿಸುತ್ತೇವೆ, ಧ್ವಜ ಹಾರಿಸುತ್ತೇವೆ. ಅಲ್ಲಿಗೆ ಕಥೆ ಮುಗಿಯಿತೆಂದು ಬಹಳ ಜನ ತಿಳಿದಿದ್ದಾರೆ. ಮುಗಿಯಲಿಲ್ಲ. ಭಯವು ಸಾಯಲಿಲ್ಲ, ಮನೆ ಬದಲಿಸಿತು. ಪಂಡಿತ ಸುಂದರಲಾಲರ ಸಮಿತಿಯು ಹೈದರಾಬಾದ್ ಸಂಸ್ಥಾನದ ಹಲವು ಜಿಲ್ಲೆಗಳನ್ನು ಸುತ್ತಿ, ಆ ಬಳಿಕದ ದಿನಗಳಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಗುಲಬರ್ಗಾ, ಬೀದರ, ಉಸ್ಮಾನಾಬಾದ್, ನಾಂದೇಡಗಳಲ್ಲಿ ಹಾನಿ ಅತಿ ಹೆಚ್ಚು. ಆ ವರದಿ ಬಹುಕಾಲ ಕತ್ತಲಲ್ಲಿದ್ದು 2013ರಲ್ಲಿ ಜನರ ಕಣ್ಣಿಗೆ ಬಿದ್ದಿತು. ರಜಾಕಾರನ ಬಂದೂಕು ಹಿಡಿಯದ ಪಿಂಜಾರ, ನದಾಫ, ಸಾಬರ ಮನೆಗಳಲ್ಲಿಯೂ ಆಗ ಬಂಡಿಯ ಕೀಲಿಗೆ ಎಣ್ಣೆ ಹಾಕಿರಬೇಕಲ್ಲವೇ? ಇದನ್ನು ಹೇಳಿದರೆ ಕೆಲವರಿಗೆ ಕಹಿಯಾದೀತು. ಆದರೂ ಸತ್ತವರ ಲೆಕ್ಕದಲ್ಲಿ ಅರ್ಧ ಓದಿ ಅರ್ಧ ಮಡಚಿಡುವುದು ಪೀಠದ ಮೇಲೆ ಕುಳಿತವರಿಗೆ ಸಲ್ಲದು.

ಅಂಜಿದವರ ಕಿವಿ ಬಹಳ ದೊಡ್ಡದು. ಯುರೋಪ ಖಂಡದಲ್ಲಿ 1348-49ರಲ್ಲಿ ಮಹಾಮಾರಿ ಹಬ್ಬಿದಾಗ ಯಹೂದ್ಯರು ಬಾವಿಗೆ ವಿಷ ಹಾಕಿದರೆಂಬ ಗುಲ್ಲೆದ್ದು, ಸ್ಟ್ರಾಸ್‌ಬರ್ಗ್ ಎಂಬ ಪಟ್ಟಣದಲ್ಲಿ ಅವರನ್ನು ಜೀವಸಹಿತ ಸುಟ್ಟರು. ಅದು ದೂರದ ಮಾತು, ಹಳೆಯ ಕಾಲದ್ದು ಎನ್ನುವಿರಾ? ನಮ್ಮ ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ 2018ರ ಜುಲೈ 13ರಂದು ಏನಾಯಿತು? ಹೈದರಾಬಾದಿನ ಕಡೆಯಿಂದ ಬಂದ ತರುಣರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂದು ಮೊಬೈಲಿನಲ್ಲಿ ಸುದ್ದಿ ಹಾರಿತು. ಅವರ ಕಾರು ಓಡುವುದಕ್ಕಿಂತ ಬೇಗ ಸುದ್ದಿ ಓಡಿ, ಮುರ್ಕಿಯಲ್ಲಿ ದಾರಿ ಕಟ್ಟಿ ಹೊಡೆದರು. ಒಬ್ಬ ಸತ್ತನು. ಹೊಡೆದವರೆಲ್ಲ ಕೊಲೆಪಾತಕರ ವಂಶದವರಲ್ಲ. ನಮ್ಮಂತೆಯೇ ಮಕ್ಕಳಿರುವವರು, ಮಕ್ಕಳಿಗಾಗಿ ಅಂಜಿದವರು. ಹುಡೇವಿನ ಮೇಲೆ ನಿಂತವನು ಧೂಳನ್ನು ಕಣ್ಣಾರೆ ಕಂಡು ಕೂಗುತ್ತಿದ್ದನು. ಮೊಬೈಲಿನಲ್ಲಿ ಕೂಗುವವನು ಏನನ್ನೂ ಕಂಡಿರುವುದಿಲ್ಲ.

ಕಾವಿ ಧರಿಸಿದ ನಮ್ಮಂಥವರೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಶನಿಕಾಟ, ಮಾಟ, ನರಕವೆಂದು ಅಂಜಿಸಿ ತಾಯಿತ ಕಟ್ಟಿದವರು, ಕಾಣಿಕೆ ಕೇಳಿದವರು ಇದ್ದಾರೆ. ಗುರುವಿನ ಹಸ್ತ ಮಸ್ತಕದ ಮೇಲೆ ಇರುವುದು ಅಭಯಕ್ಕಾಗಿ. ಅಂಜಿಸಿ ಗಳಿಸಿದ ಭಕ್ತಿ, ದೀಪ ಆರಿದ ಕೂಡಲೇ ಎದ್ದು ಹೋಗುತ್ತದೆ.

2020ರಲ್ಲಿ ಕೊರೋನಾ ಬಂದಾಗ ಕದವಿಲ್ಲದ ಅಗಸಿಗಳಿಗೆ ಜಾಲಿಮುಳ್ಳು ಬಿದ್ದವು. ಬೆಂಗಳೂರು, ಗೋವಾಗಳಿಗೆ ದುಡಿಯಲು ಹೋದ ಸ್ವಂತ ಮಕ್ಕಳು ತಿರುಗಿ ಬಂದಾಗ ಊರವರೇ ತಡೆದರು. ಒಬ್ಬ ಮುದುಕಿ ಶಾಲೆಯ ಕಿಟಕಿಗೆ ದಿನಾಲು ರೊಟ್ಟಿ ಗಂಟು ಕಟ್ಟಿ ಬರುತ್ತಿದ್ದಳು. "ಯವ್ವಾ, ಅಂಜಿಕಿ ಬರಲಿಲ್ಲೇನು?" ಎಂದು ನಾವು ಕೇಳಿದರೆ, "ಬಂತ್ರಿ ಅಜ್ಜಾರ. ಆದ್ರ ಅವ ಹಸ್ದಿದ್ದ" ಎಂದಳು.

ಅಗಸಿಯ ಮಾತಿಗೆ ಬರೋಣ. ಅಂದು ಅದರ ಕೆಳಗೆ ನಿಂತಾಗ ನಮ್ಮ ಕಣ್ಣು ಹೊರಗಿನ ಕೇರಿಯ ಮೇಲೆ ಬಿತ್ತು. ದಂಡು ಬಂದಾಗ ಕದ ಇಕ್ಕುತ್ತಿದ್ದರು ಸರಿ. ಆ ಕೇರಿಯ ಮನೆಗಳು ಕದದ ಆಚೆಗೆ ಉಳಿಯುತ್ತಿದ್ದುವು. ನಾವು ಚಿಕ್ಕಂದಿನಿಂದ ಆ ಊರಿಗೆ ಹೋಗುತ್ತಿದ್ದೇವೆ. ಪಲ್ಲಕ್ಕಿ ಎಂದೂ ಅಗಸಿ ದಾಟಿದ್ದಿಲ್ಲ, ನಾವೂ ಕೇಳಿದ್ದಿಲ್ಲ. ಕೇಳಿದರೆ ಊರು ಒಡೆದೀತೆಂದು ನಮಗೂ ಅಂಜಿಕೆಯಿತ್ತು.

ಆ ತರುಣರಿಗೆ ನಾವು ಹೇಳಿದೆವು: ಟ್ರಾಲಿಗೆ ಪಕ್ಕದಲ್ಲಿ ದಾರಿ ಮಾಡಿಕೊಳ್ಳಿರಿ, ಅಗಸಿ ಇರಲಿ. ಆದರೆ ಇಂದು ಪಲ್ಲಕ್ಕಿ ಅದರ ಕೆಳಗೆ ಹಾಯ್ದು ಹೊರಗಿನ ಕೇರಿಗೆ ಹೋಗಬೇಕು. ಹಿರಿಯರಲ್ಲಿ ಇಬ್ಬರು ಎದ್ದು ಹೋದರು. ಉಳಿದವರು ಸುಮ್ಮನೆ ಕುಳಿತರು. ಹೊತ್ತು ಮುಳುಗುವ ಮುಂದೆ ಪಲ್ಲಕ್ಕಿ ಎದ್ದಿತು, ಕೇರಿಯ ತಾಯಂದಿರು ಕೊಡ ತುಂಬಿಕೊಂಡು ದಾರಿಗೆ ನೀರು ಹಾಕಿದರು. ಎದ್ದು ಹೋದ ಇಬ್ಬರಲ್ಲಿ ಒಬ್ಬರು ಆಮೇಲೆ ಅಗಸಿಕಟ್ಟೆಯ ಮೇಲೆ ಬಂದು ಕುಳಿತಿದ್ದನ್ನು ನಾವು ಕಂಡೆವು.