ಆಟಗಾರ ಮಕ್ಕಳಿಗೆ ರೊಟ್ಟಿ-ಬೇಳೆಯ ಬಲ

ಶರಣರ ದೃಷ್ಟಿಯಲ್ಲಿ ಕಾಯವು ಕಾಯಕದ ಸಾಧನ. ಅದನ್ನು ಕಾಪಾಡುವುದೂ ಧರ್ಮವೇ. ಕಬಡ್ಡಿ, ಕುಸ್ತಿ, ಓಟಗಳಲ್ಲಿ ತೊಡಗಿದ ಮಕ್ಕಳಿಗೆ ಸಸ್ಯಾಹಾರ ಸಾಕಾದೀತೇ ಎಂಬ ಚಿಂತೆ ಪಾಲಕರಿಗೆ ಸಹಜ. ಹೊಟ್ಟೆ ತುಂಬ, ಬಗೆಬಗೆಯಾಗಿ ಉಂಡರೆ ಸಾಕಾಗುತ್ತದೆಂದು ನಾವು ಹೇಳಬಯಸುತ್ತೇವೆ.

ಕ್ರೀಡಾಪಟುವಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.2ರಿಂದ 2 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಮತ. ಜೋಳದಲ್ಲಿ ಲೈಸಿನ್ ಎಂಬ ಪೋಷಕಾಂಶ ಕಡಿಮೆ, ತೊಗರಿಬೇಳೆಯಲ್ಲಿ ಹೇರಳ. ರಂಗಂಪೇಟೆಯ ಸುತ್ತಲಿನ ಹೊಲಗಳಲ್ಲಿ ಬೆಳೆಯುವ ಈ ಎರಡೂ ಒಂದೇ ತಟ್ಟೆಯಲ್ಲಿ ಕೂಡಿದಾಗ ಕೊರತೆ ನೀಗುತ್ತದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ.

ಕಾಳು, ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನಿಂಬೆರಸ ನೆರವಾಗುತ್ತದೆ. ಊಟದೊಡನೆ ಕುಡಿದ ಚಹಾ ತಡೆಯುತ್ತದೆ. ಹದಿಹರೆಯದ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಮರೆಯಬಾರದು. ಬಿ12 ಜೀವಸತ್ವಕ್ಕೆ ಹಾಲು, ಮೊಸರು ಬೇಕು. ಅವನ್ನೂ ತ್ಯಜಿಸಿದವರು ವೈದ್ಯರ ಸಲಹೆಯಂತೆ ಮಾತ್ರೆ ಪಡೆಯಲೇಬೇಕು.

ಬರಿಯ ಚಹಾ ಕುಡಿಸಿ ಮಕ್ಕಳನ್ನು ಮೈದಾನಕ್ಕೆ ಕಳುಹಿಸದಿರೋಣ. ಹಸಿವನ್ನು ಅರಿತು ಉಣಬಡಿಸುವ ದಾಸೋಹ ನಮ್ಮ ನಮ್ಮ ಮನೆಗಳಿಂದಲೇ ಆರಂಭವಾಗಲಿ.