ಯಾರ ಕಡೆಯಿಂದ ಕೇಳಿದಿರಿ?

ವಿಜಯಪುರ ಜಿಲ್ಲೆಯ ಚಡಚಣ ಸೀಮೆಯ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ರಾಶಿಯಾದಾಗ, ಬಡವರ ಪಾಲು ತೆಗೆದಿಡುವ ಮುಸಲ್ಮಾನ ರೈತನ ಲೆಕ್ಕ ಸರಳ. ಮಳೆಯನ್ನೇ ನೆಚ್ಚಿದ ಖುಷ್ಕಿ ಹೊಲವಾದರೆ ನೂರು ಚೀಲಕ್ಕೆ ಹತ್ತು. ಬಾವಿಯಿಂದಲೋ ಬೋರ್‌ವೆಲ್‌ನಿಂದಲೋ ನೀರೆತ್ತಿ ಬೆಳೆದಿದ್ದರೆ ಐದು. ಇದಕ್ಕೆ ಉಶ್ರ್ ಎನ್ನುತ್ತಾರೆ. ನೀರಿಗಾಗಿ ದುಡ್ಡು, ಬೆವರು ಸುರಿಸಿದವನಿಗೆ ಅರ್ಧ ರಿಯಾಯಿತಿ!

ಕೊಯ್ಲಿನ ದಿನ ಪಾಲು ಕೊಡಬೇಕೆಂಬ ಆದೇಶ ಕುರ್‌ಆನಿನಲ್ಲಿದೆ. ಹತ್ತು, ಐದರ ಲೆಕ್ಕ ಅಲ್ಲಿಲ್ಲ. ಅದು ಬಂದದ್ದು ಹದೀಸಿನಿಂದ. ಪ್ರವಾದಿ ಮುಹಮ್ಮದರು ಆಡಿದ, ಮಾಡಿದ, ಕಂಡೂ ಬೇಡವೆನ್ನದೆ ಬಿಟ್ಟ ಸಂಗತಿಗಳ ವರದಿಯೇ ಹದೀಸ್. ಉಶ್ರ್‌ನ ಈ ಲೆಕ್ಕವನ್ನು ವರದಿ ಮಾಡಿದವರು ಖಲೀಫ ಉಮರರ ಮಗ ಅಬ್ದುಲ್ಲಾ. ನಸುಕಿನ ನಮಾಜಿಗೆ ಎರಡು ರಕಾತ್ (ನಮಾಜಿನ ಆವೃತ್ತಿ), ಸಂಜೆಯದಕ್ಕೆ ಮೂರು ಎನ್ನುವುದೂ ಹೀಗೇ ಗೊತ್ತಾದದ್ದು.

ಪ್ರವಾದಿ ತೀರಿಕೊಂಡದ್ದು ಕ್ರಿ.ಶ. 632ರಲ್ಲಿ. ಹದೀಸ್ ಸಂಗ್ರಹಕಾರರಲ್ಲಿ ಹೆಚ್ಚು ಹೆಸರಾದ ಇಮಾಮ್ ಬುಖಾರಿ ತೀರಿಕೊಂಡದ್ದು 870ರಲ್ಲಿ. ನಡುವಿನ ಕಾಲದಲ್ಲಿ ಕೆಲವು ಮಾತು ಬರಹಕ್ಕಿಳಿದವು, ಬಹಳಷ್ಟು ನಾಲಿಗೆಯಿಂದ ನಾಲಿಗೆಗೆ ದಾಟಿದವು. ಪಂಗಡದವರು, ಕತೆ ಹೇಳುವವರು ತಮ್ಮ ಮಾತನ್ನೂ ಪ್ರವಾದಿಯ ಹೆಸರಲ್ಲಿ ತೇಲಿಬಿಟ್ಟರು. ಹಾಗಾಗಿ ವಿದ್ವಾಂಸರು ಪ್ರತಿ ಮಾತಿಗೂ ಮೊದಲು ಕೇಳಿದ್ದು: ಯಾರ ಕಡೆಯಿಂದ ಕೇಳಿದಿರಿ?

ಬುಖಾರಿ ಗ್ರಂಥದ ಮೊದಲ ಹದೀಸನ್ನೇ ನೋಡಿ. ಮನುಷ್ಯನ ಕೆಲಸವನ್ನು ಅವನ ಸಂಕಲ್ಪದಿಂದ ಅಳೆಯಬೇಕು ಎನ್ನುವುದು ಅದರ ಸಾರ. ಬುಖಾರಿ ಅದನ್ನು ಕೇಳಿದ್ದು ಹುಮೈದಿಯಿಂದ, ಹುಮೈದಿ ಸುಫ್ಯಾನರಿಂದ, ಸುಫ್ಯಾನ್ ಯಹ್ಯಾರಿಂದ, ಯಹ್ಯಾ ಮುಹಮ್ಮದ್ ಬಿನ್ ಇಬ್ರಾಹೀಮರಿಂದ, ಅವರು ಅಲ್ಕಮಾರಿಂದ, ಅಲ್ಕಮಾ ಖಲೀಫ ಉಮರರಿಂದ. ಈ ಸಾಲಿಗೆ ಇಸ್ನಾದ್ ಎಂದು ಹೆಸರು. ಇದರಲ್ಲಿ ಬರುವ ಒಬ್ಬೊಬ್ಬರ ಜಾತಕವನ್ನೂ ಜಾಲಾಡಿದ್ದಾರೆ: ಹುಟ್ಟಿದ್ದೆಲ್ಲಿ, ಗುರುವನ್ನು ಭೇಟಿಯಾಗುವುದು ಸಾಧ್ಯವಿತ್ತೇ, ಮುಪ್ಪಿನಲ್ಲಿ ನೆನಪು ಕೆಟ್ಟಿತ್ತೇ, ಸುಳ್ಳಾಡಿದ ದಾಖಲೆಯುಂಟೇ? ಆ ಮೇಲೆಯೇ ಸಹೀಹ್ (ನಂಬಲರ್ಹ), ಹಸನ್ (ಒಪ್ಪತಕ್ಕದ್ದು), ಜಯೀಫ್ (ದುರ್ಬಲ), ಮೌಜೂ (ಕಟ್ಟುಕತೆ) ಎಂಬ ದರ್ಜೆ.

ಬಾಯಿಮಾತನ್ನು ಬರಹಕ್ಕಿಳಿಸುವ ಕಷ್ಟ ಈ ಸೀಮೆಗೆ ಹೊಸದಲ್ಲ. ಚಡಚಣದ ಸಿಂಪಿ ಲಿಂಗಣ್ಣ, ಹಲಸಂಗಿಯ ಮಧುರಚೆನ್ನರು ಸೇರಿದಂತೆ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಅಲ್ಲಿ ಕಟ್ಟಿದವಳು ಯಾರೆಂದು ಕೇಳುವ ಹಾಗಿಲ್ಲ. ಬೀಸುವ ಕಲ್ಲಿನ ಮುಂದೆ ಹಾಡು ಎಲ್ಲರದು. ಬಾಯಿಂದ ಬಾಯಿಗೆ ಒಂದು ಸಾಲು ಬೆಳೆದರೆ ಹಾಡಿಗೆ ಲಾಭವೇ. ಬಡವನ ಪಾಲಿನ ಲೆಕ್ಕದಲ್ಲಿ ಒಂದು ಸಾಲು ಬೆಳೆದರೆ ಮಾತ್ರ ಯಾರದ್ದೋ ಚೀಲ ಖಾಲಿಯಾಗುತ್ತದೆ.

ವಿದ್ಯೆಗಾಗಿ ಚೀನಾಕ್ಕಾದರೂ ಹೋಗಿ ಎಂಬ ಮಾತು ಪ್ರವಾದಿಯದೆಂದು ಎಷ್ಟು ಭಾಷಣಗಳಲ್ಲಿ ಕೇಳಿಲ್ಲ! ಮಾತೇನೋ ಚೆಂದ. ಆದರೆ ಹದೀಸ್ ವಿದ್ವಾಂಸರಾದ ಇಬ್ನ್ ಹಿಬ್ಬಾನ್ ಇದಕ್ಕೆ ಆಧಾರವಿಲ್ಲ ಎಂದರು; ಇನ್ನೊಬ್ಬ ವಿದ್ವಾಂಸ ಇಬ್ನುಲ್ ಜೌಜಿ ಇದನ್ನು ಕಟ್ಟುಕತೆಗಳ ಪಟ್ಟಿಗೇ ಸೇರಿಸಿದರು. ಒಳ್ಳೆಯ ಮಾತೆಂಬ ಕಾರಣಕ್ಕೆ ವಿನಾಯಿತಿ ಕೊಡದ ಈ ಬಿಗಿತನ ನನಗೆ ಹಿಡಿಸುತ್ತದೆ.

ಜಿಲ್ಲಾ ಕೇಂದ್ರ ವಿಜಯಪುರದಲ್ಲೇ ಹದೀಸ್ ಪಾಠ ನಡೆಯುತ್ತಿತ್ತು. ಮುಹಮ್ಮದ್ ಆದಿಲ್‌ಶಾಹ 1646ರ ಸುಮಾರಿಗೆ ಕಟ್ಟಿಸಿದ ಆಸಾರ್ ಮಹಲ್ ಎಂದರೆ ಪ್ರವಾದಿಯ ಕೇಶವಿರುವ ಜಾಗವೆಂದೇ ಜನ ಬಲ್ಲರು. ಮಿರ್ಜಾ ಇಬ್ರಾಹಿಂ ಜುಬೈರಿ ಬರೆದ ಪಾರಸಿ ಚರಿತ್ರೆ ‘ಬಸಾತೀನುಸ್ ಸಲಾತೀನ್’ ಪ್ರಕಾರ ಅಲ್ಲಿ ಹದೀಸ್, ಧರ್ಮಶಾಸ್ತ್ರ ಕಲಿಸಲು ಗುರುಗಳಿದ್ದರು; ವಿದ್ಯಾರ್ಥಿಗಳಿಗೆ ಬಿರಿಯಾನಿ, ಮುಜಾಫರ್ (ಕೇಸರಿ ಬೆರೆಸಿದ ಖಾದ್ಯ), ಗೋಧಿ ರೊಟ್ಟಿ, ಖಿಚಡಿ, ಮೇಲೆ ತಲೆಗೊಂದು ಹೊನ್ನು. ಇಂದಿನ ಹಾಸ್ಟೆಲ್ ಹುಡುಗರು ಈ ಪಟ್ಟಿ ಓದದಿರುವುದೇ ವಾಸಿ. ಮಹಲಿನ ಗ್ರಂಥಗಳು 1853ರಲ್ಲಿ ಲಂಡನ್ನಿಗೆ ಹೋದವು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಕನ್ನಡದಲ್ಲಿ ಓದುವವರಿಗೆ ಮಂಗಳೂರಿನ ಶಾಂತಿ ಪ್ರಕಾಶನದಂಥವರ ಪುಸ್ತಕಗಳಿವೆ. ಜನಪ್ರಿಯ ಅನುವಾದಗಳಲ್ಲಿ ಸಾಮಾನ್ಯವಾಗಿ ಮೊದಲ ವರದಿಗಾರನ ಹೆಸರಷ್ಟೇ ಉಳಿದು, ಇಸ್ನಾದಿನ ಉಳಿದವರು ಬಿಟ್ಟುಹೋಗುತ್ತಾರೆ. ಪುಟ ಉಳಿಸಲು ಅದು ಸರಿ. ಆದರೆ ಒಂದು ಹದೀಸ್ ಸಹೀಹ್ ಏಕೆ, ಇನ್ನೊಂದು ಜಯೀಫ್ ಏಕೆ ಎಂದು ಕನ್ನಡದ ಓದುಗ ತಾನೇ ನೋಡುವಂತಾಗಲು, ಆ ಹೆಸರುಗಳನ್ನು ಕೊನೆಯ ಪುಟಗಳಲ್ಲಾದರೂ ಅಚ್ಚು ಹಾಕಬೇಕು.